ಹೋರಾಟಗಾರ್ತಿಯ ಲೇಖನ ಮೂರು ಸಲ ವಾಪಸ್: ಕೊನೆಗೆ ಬಗೆಹರಿದದ್ದು ಹೀಗೆ

ವಿಕಿಪೀಡಿಯಕ್ಕೆ ಒಬ್ಬ ಹೋರಾಟಗಾರ್ತಿಯ ಬಗ್ಗೆ ಬರೆದ ಕರಡು ಮೂರು ಸಲ ವಾಪಸ್ ಬಂತು. ಪ್ರತಿ ಸಲವೂ ಒಂದೇ ಕಾರಣ: ಗಮನಾರ್ಹತೆ ಸಾಲದು, ಅಂದರೆ ಪ್ರತ್ಯೇಕ ಲೇಖನಕ್ಕೆ ಬೇಕಾದಷ್ಟು ಸ್ವತಂತ್ರ ಮೂಲಗಳು ಅವರ ಬಗ್ಗೆ ಬರೆದಿಲ್ಲ.

ಉಲ್ಲೇಖಗಳನ್ನು 12ರಿಂದ 30ಕ್ಕೆ ಏರಿಸಿದೆ. ಆಗಲಿಲ್ಲ. ಪ್ರಶಸ್ತಿಗಳ ಪಟ್ಟಿ, ಫಾಲೋವರ್ ಸಂಖ್ಯೆ ಹಾಕಿದೆ. ಅದೂ ಆಗಲಿಲ್ಲ. (ಫಾಲೋವರ್ ಲೆಕ್ಕ ಅಲ್ಲಿ ನಡೆಯಲ್ಲ.)

ಕೆಲಸ ಮಾಡಿದ್ದು ಇದು. ಬರೆಯುವುದನ್ನು ನಿಲ್ಲಿಸಿ, ಪ್ರತಿ ಮೂಲಕ್ಕೂ ಇದೇ ಕ್ರಮದಲ್ಲಿ ಮೂರು ಪ್ರಶ್ನೆ ಹಾಕಿದೆ. ಬರೆದವರು ಆ ಹೋರಾಟಗಾರ್ತಿಗೆ ಸಂಬಂಧವಿಲ್ಲದವರಾ? ಪ್ರಕಟಿಸುವ ಮುಂಚೆ ಸಂಪಾದಕರು ಪರಿಶೀಲಿಸುವ ಜಾಗವಾ? ಅವರ ಬಗ್ಗೆಯೇ ಕೆಲವು ಪ್ಯಾರಾ ಇದೆಯಾ, ಇಲ್ಲಾ ಸುಮ್ನೆ ಹೆಸರು ಬಂದಿದೆಯಾ? ಮೂರರಲ್ಲೂ ಪಾಸಾದದ್ದನ್ನು ಮಾತ್ರ ಉಳಿಸಿಕೊಂಡೆ. ಸಂದರ್ಶನಗಳು ಮೊದಲ ಪ್ರಶ್ನೆಗೇ ಬಿದ್ದುಹೋದವು, ಅಲ್ಲಿ ಮಾತು ಅವರದೇ ಅಲ್ವಾ. ಅವರ ಸಂಘಟನೆಯ ಪತ್ರಿಕಾ ಹೇಳಿಕೆಯನ್ನು ಹಾಗೇ ಹಾಕಿದ್ದ ಸುದ್ದಿಗಳೂ ಹೋದವು. ಐದು ಪತ್ರಿಕೆಯಲ್ಲಿ ಅದೇ ಸಾಲುಗಳಿದ್ದರೆ ಅದು ಒಂದೇ ಮೂಲ. 30ರಲ್ಲಿ ಉಳಿದದ್ದು 4.

ಆಮೇಲೆ ದಿನಾಂಕ ನೋಡಿದೆ. ನಾಲ್ಕೂ ಒಂದೇ ವಾರದವು, ಒಂದೇ ಬಂಧನದ ಸುದ್ದಿ. ಒಂದೇ ಘಟನೆಯಿಂದ ಹೆಸರಾದವರಿಗೆ ಸಾಮಾನ್ಯವಾಗಿ ಬೇರೆ ಲೇಖನ ಬೇಡ ಅನ್ನುವ ನಿಯಮ ಅಲ್ಲಿದೆ. ಹಾಗಾಗಿ ಅವರಿದ್ದ ಚಳವಳಿಯ ಲೇಖನದಲ್ಲಿ ಅವರ ಬಗ್ಗೆ ಒಂದು ಪ್ಯಾರಾ ಸೇರಿಸಿ, ಅವರ ಹೆಸರನ್ನು ಅಲ್ಲಿಗೆ ರೀಡೈರೆಕ್ಟ್ ಮಾಡಿದೆ (ಹೆಸರು ಹುಡುಕಿದರೆ ಆ ಲೇಖನವೇ ತೆರೆಯುತ್ತೆ). ಅದನ್ನು ಯಾರೂ ತೆಗೆದಿಲ್ಲ.