ತೋಟದ ಬಂಗಲೆ ಖಾಲಿ ಮಾಡುವ ಮುನ್ನ: ಹಳೇ ಕುರ್ಚಿ, ಹಳೇ ಚಿತ್ರ ಮಾರುವುದು ಹೇಗೆ?

ಕೊಡಗಿನ ಮನೆಯೊಂದರಲ್ಲಿ ಆಸ್ತಿ ಪಾಲಾಗಿದೆ ಅನ್ನಿ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದಾರೆ. ತೋಟದ ಜತೆ ಬಂಗಲೆಯನ್ನೂ ಕೊಟ್ಟುಬಿಡುವ ಮಾತು ನಡೆದಿದೆ. ಸುದ್ದಿ ಹಬ್ಬಿದ ಕೂಡಲೇ ಯಾರೋ ಒಬ್ಬರು ಲಾರಿ ಸಮೇತ ಬರುತ್ತಾರೆ. ಮನೆಯೊಳಗೆ ಒಂದು ಸುತ್ತು ಹಾಕಿ, ‘ಎಲ್ಲಾ ಸೇರಿಸಿ ಇಷ್ಟು ಕೊಡ್ತೀನಿ’ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಇಂಥ ವ್ಯಾಪಾರದಲ್ಲಿ ಕಣ್ಣು ಬಿದ್ದಿರುವುದು ಎರಡೋ ಮೂರೋ ವಸ್ತುವಿನ ಮೇಲೆ ಮಾತ್ರ. ಅವು ಯಾವುವು ಎಂದು ಕೊಳ್ಳುವವರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು.

ಮೊದಲು ಮನೆಯವರು ಕೂತು ಮಾತಾಡಿ

ಐನ್‌ಮನೆಯ, ಅಂದರೆ ಕೊಡವ ಕುಲದ ಮೂಲ ಮನೆಯ ವಸ್ತು ಬೇರೆ, ಬಂಗಲೆಯ ವಸ್ತು ಬೇರೆ. ಐನ್‌ಮನೆಯಲ್ಲಿ ಇರುವುದು ಒಕ್ಕಕ್ಕೆ, ಅಂದರೆ ಇಡೀ ಕುಲಕ್ಕೆ ಸೇರಿದ್ದು, ಯಾರೊಬ್ಬರ ಸ್ವತ್ತೂ ಅಲ್ಲ. ನೆಲ್ಲಕ್ಕಿಯ (ನಡುಮನೆಯ) ದೀಪ, ಜಗಲಿಯಲ್ಲಿ ಕೂರುವ ಮರದ ಹಲಗೆಯಾದ ಐಮರ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಅಗಲ ಅಲಗಿನ ಒಡಿಕತ್ತಿ ಇವು ಮಾರಾಟದ ಪಟ್ಟಿಗೆ ಬರಲೇಬಾರದು ಎಂಬುದು ನನ್ನ ಅಭಿಪ್ರಾಯ. ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಊರಿಗೆ ಬರುತ್ತಾರಲ್ಲ, ಆಗಲೇ ಯಾವುದು ಉಳಿಯಬೇಕು, ಯಾವುದು ಹೋಗಬಹುದು ಎಂದು ತೀರ್ಮಾನಿಸಿ ಬರೆದಿಟ್ಟುಕೊಳ್ಳಿ. ಮಾರಾಟವನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಮರ ಒಣಗಿರುತ್ತದೆ, ತೋಟದ ರಸ್ತೆಗೆ ಲಾರಿ ಇಳಿಯುತ್ತದೆ. ಜೂನ್ ಬಂತೆಂದರೆ ಎಲ್ಲದಕ್ಕೂ ಬೂಷ್ಟು.

ಮಾರಲು ಬಾರದ್ದನ್ನು ಬೇರೆ ಇಡಿ

ಹಳೇ ಬಂಗಲೆ ಅಂದ ಮೇಲೆ ಗೋಡೆಯಲ್ಲಿ ಕಾಟಿಯ (ಕಾಡುಕೋಣದ) ತಲೆ, ಜಿಂಕೆ ಕೊಂಬು, ಎಲ್ಲೋ ಒಂದು ಕಡೆ ದಂತದ ಸಾಮಾನು ಇರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಮಾರುವಂತಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಅಷ್ಟೆ. ಪ್ರಮಾಣಪತ್ರ ಇಲ್ಲದಿದ್ದರೆ ಅಲ್ಲಿಂದ ಕದಲಿಸುವ ಮೊದಲು ಅರಣ್ಯ ಇಲಾಖೆಯವರ ಹತ್ತಿರ ಮಾತಾಡಿ. ಕೋವಿಯ ವಿಷಯದಲ್ಲೂ ಎಚ್ಚರ ಬೇಕು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ ನಿಜ, ಆದರೆ ಕುರ್ಚಿ ಮೇಜಿನ ಜತೆ ಕೋವಿಯನ್ನೂ ಯಾರಿಗಾದರೂ ಕೊಟ್ಟುಬಿಡಲು ಬರುವುದಿಲ್ಲ.

ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕುಶಲ ವಸ್ತುಗಳು ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತವೆ. ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು, ಕೇಳಿ ನೋಡಿ. 1950, 60ರ ದಶಕದ ಕುರ್ಚಿ ಮೇಜಿಗೆ ಈ ತೊಂದರೆ ಇಲ್ಲ.

ಕುರ್ಚಿಯನ್ನು ಬೋರಲು ಹಾಕಿ ನೋಡಿ

ಕೆತ್ತನೆ ಜಾಸ್ತಿ ಇದ್ದಷ್ಟೂ ಬೆಲೆ ಜಾಸ್ತಿ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಈಗ ಹಾಗಿಲ್ಲ. ಕೆತ್ತನೆಯೇ ಇಲ್ಲದ, ಕೆಳಗೆ ಹೋದಂತೆ ಸಪೂರವಾಗುವ ಓರೆ ಕಾಲಿನ, ಬೆತ್ತದ ಬೆನ್ನಿನ ತಗ್ಗು ಕುರ್ಚಿಯನ್ನು ಹುಡುಕಿಕೊಂಡು ಬರುವವರಿದ್ದಾರೆ. ಚಂಡೀಗಢ ಕಟ್ಟುವಾಗ ವಾಸ್ತುಶಿಲ್ಪಿ ಪಿಯರ್ ಜೀನರೆ ಮತ್ತು ಅವರ ತಂಡ ಕಚೇರಿ, ಕಾಲೇಜುಗಳಿಗೆ ಮಾಡಿಸಿದ ತೇಗದ ಕುರ್ಚಿಗಳು ಆಮೇಲೆ ಗುಜರಿಗೆ ಬಿದ್ದವು. ಅವನ್ನೇ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ಕೊಟ್ಟು ಕೊಂಡರು. ಕೊನೆಗೆ 2011ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಆ ಪೀಠೋಪಕರಣಗಳ ಮಾರಾಟಕ್ಕೆ ತಡೆ ಹಾಕಬೇಕಾಯಿತು. ನಿಮ್ಮ ಮನೆಯ ಕುರ್ಚಿ ಅಲ್ಲಿಯದೇ ಆಗಿರಬೇಕಿಲ್ಲ. ಊರಿನ ಆಚಾರಿ ಮಾಡಿದ್ದೂ ಆ ಕಾಲದ ಒಳ್ಳೆ ಕೆಲಸವಾಗಿದ್ದರೆ ಅದಕ್ಕೆ ಗಿರಾಕಿ ಇದ್ದಾರೆ.

ಕುರ್ಚಿಯನ್ನು ಕಂಬಳಿಯ ಮೇಲೆ ಬೋರಲು ಹಾಕಿ, ಟಾರ್ಚ್ ಹಿಡಿದು ನೋಡಿ. ಪಾಲಿಶ್ ತಾಗದ ಅಡಿಭಾಗದಲ್ಲಿ ಮರದ ನಿಜಬಣ್ಣ ಕಾಣುತ್ತದೆ. ಬೀಟೆಯಾದರೆ ನೇರಳೆ ಬೆರೆತ ಕಂದು, ನಡುವೆ ಕಪ್ಪು ಗೆರೆ, ಎತ್ತಿದರೆ ಭಾರ. ತೇಗ ಹೊಂಬಣ್ಣ, ಮುಟ್ಟಿದರೆ ಸ್ವಲ್ಪ ಎಣ್ಣೆಯ ನುಣುಪು. ಬೆತ್ತ ಕೈಯಲ್ಲಿ ಹೆಣೆದದ್ದಾದರೆ ಚೌಕಟ್ಟಿನ ಉದ್ದಕ್ಕೂ ಸಾಲಾಗಿ ತೂತು ಇರುತ್ತವೆ, ಒಂದೊಂದು ಎಳೆಯೂ ಅದರೊಳಗಿಂದ ಹಾದು ಹೋಗಿರುತ್ತದೆ. ತೂತಿಲ್ಲದೆ ಸುತ್ತ ಒಂದೇ ಸಣ್ಣ ತೋಡು ಕೊರೆದು ಅದರಲ್ಲಿ ಬೆತ್ತದ ಹಾಳೆ ಸಿಕ್ಕಿಸಿದ್ದರೆ ಅದು ರೆಡಿಮೇಡ್ ಹಾಳೆ, ಎಷ್ಟೋ ಸಲ ಆಮೇಲೆ ಹಾಕಿಸಿದ್ದು. ಬಣ್ಣದಲ್ಲಿ ಬರೆದ ನಂಬರ್, ಅಂಗಡಿಯ ಹಿತ್ತಾಳೆ ಪಟ್ಟಿ, ಹಳೇ ಚೀಟಿ ಏನಿದ್ದರೂ ಫೋಟೊ ತೆಗೆಯಿರಿ, ಉಜ್ಜಿ ಅಳಿಸಬೇಡಿ. ನೆಲದಲ್ಲಿ ಹೊಸ ಮರದ ಪುಡಿ ಉದುರಿದ್ದರೆ ಹುಳ ಇನ್ನೂ ಇದೆ ಎಂದರ್ಥ. ಅದನ್ನು ಕೊಳ್ಳುವವರಿಗೆ ಮುಚ್ಚಿಡಬೇಡಿ.

ಮತ್ತೊಂದು ಮಾತು, ಇದನ್ನು ಕೈ ಮುಗಿದು ಕೇಳುತ್ತೇನೆ: ಮಾರುವ ಮೊದಲು ಹೊಸದಾಗಿ ಪಾಲಿಶ್ ಮಾಡಿಸಬೇಡಿ. ಐವತ್ತು ಅರವತ್ತು ವರ್ಷ ಕೈ ತಾಗಿ ಬಂದ ಬಣ್ಣವನ್ನು ಸ್ಯಾಂಡ್‌ಪೇಪರ್ ಅರ್ಧ ದಿನದಲ್ಲಿ ತೆಗೆದುಹಾಕುತ್ತದೆ. ಅದು ಮತ್ತೆ ಬರುವುದಿಲ್ಲ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಸಾಕು.

ಚಿತ್ರದ ಬೆನ್ನೂ ಮುಖ್ಯ

ಮೊದಲು ಅದು ಕೈಯಲ್ಲಿ ಬರೆದದ್ದೋ ಅಚ್ಚಾದದ್ದೋ ನೋಡಿ. ಭೂತಗನ್ನಡಿ ಹಿಡಿದಾಗ ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ ಕಂಡರೆ ಅಚ್ಚು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯದ ಲಕ್ಷ್ಮಿ ಸರಸ್ವತಿಯರ ಚಿತ್ರಗಳು ಎಷ್ಟೋ ಮನೆಗಳಲ್ಲಿವೆ. ಹಳೆಯ ಅಚ್ಚಿಗೂ ಬೆಲೆ ಇದೆ, ಆದರೆ ತೈಲಚಿತ್ರದ ಬೆಲೆ ಅಲ್ಲ.

ಆಮೇಲೆ ಹಿಂಭಾಗ ನೋಡಿ. ಗ್ಯಾಲರಿಯ ಚೀಟಿ, ಪ್ರದರ್ಶನದ ನಂಬರ್, ಚೌಕಟ್ಟು ಹಾಕಿದ ಅಂಗಡಿಯ ವಿಳಾಸ ಅಲ್ಲಿರುತ್ತದೆ. ತಾತನ ಬೀರುವಿನಲ್ಲಿರುವ ರಸೀದಿ, ಕಲಾವಿದರು ಬರೆದ ಕಾಗದ, ಆ ಚಿತ್ರ ಹಿನ್ನೆಲೆಯಲ್ಲಿರುವ ಮದುವೆ ಫೋಟೊ ಇವನ್ನೆಲ್ಲ ಒಂದೇ ಕವರಿನಲ್ಲಿ ಹಾಕಿಡಿ. ಎಂ. ಎಫ್. ಹುಸೇನ್ 1954ರಲ್ಲಿ ಬರೆದ ‘ಗ್ರಾಮ ಯಾತ್ರೆ’ಯನ್ನು ಆಗ ದಿಲ್ಲಿಯಲ್ಲಿದ್ದ ವೈದ್ಯರೊಬ್ಬರು ಕೊಂಡಿದ್ದರು. ಅವರಿಂದ ಅದು ನಾರ್ವೆಯ ಓಸ್ಲೊದ ಆಸ್ಪತ್ರೆಗೆ ಹೋಯಿತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 1.37 ಕೋಟಿ ಡಾಲರ್‌ಗೂ ಜಾಸ್ತಿಗೆ ಮಾರಾಟವಾಯಿತು. ಯಾರು ಕೊಂಡರು, ಎಲ್ಲಿ ತೂಗುಹಾಕಿದ್ದರು ಎಂಬುದು ಅಷ್ಟು ಸ್ಪಷ್ಟವಾಗಿ ಗೊತ್ತಿರುವ ಚಿತ್ರಕ್ಕೆ ಕೊಳ್ಳುವವರು ಧೈರ್ಯವಾಗಿ ಕೈ ಹಾಕುತ್ತಾರೆ.

ನಮ್ಮ ಕಡೆಯ ಮನೆಗಳಲ್ಲಿ ಕೆ. ಕೆ. ಹೆಬ್ಬಾರ್, ರುಮಾಲೆ ಚನ್ನಬಸವಯ್ಯ, ಸ್ವೆತೊಸ್ಲಾವ್ ರೋರಿಕ್ ಇಂಥವರ ಸಹಿ ಸಿಕ್ಕರೆ ಆ ಚಿತ್ರವನ್ನು ಅಂದೇ ಒದ್ದೆ ಗೋಡೆಯಿಂದ ಇಳಿಸಿ. ರವಿವರ್ಮ, ರವೀಂದ್ರನಾಥ ಟಾಗೋರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಸ್ವೆತೊಸ್ಲಾವ್ ಅವರ ತಂದೆ ನಿಕೋಲಸ್ ರೋರಿಕ್ ಮುಂತಾದ ಒಂಬತ್ತು ಮಂದಿಯ ಕೃತಿಗಳನ್ನು ಸರ್ಕಾರ ಕಲಾನಿಧಿ ಎಂದು ಸಾರಿದೆ. ಅವನ್ನು ದೇಶದೊಳಗೆ ಮಾತ್ರ ಮಾರಬಹುದು.

ಬೂಷ್ಟು ಹಿಡಿದ ಚಿತ್ರಕ್ಕೆ ಒದ್ದೆ ಬಟ್ಟೆ, ಎಣ್ಣೆ, ಆಲೂಗಡ್ಡೆ ಏನನ್ನೂ ತಾಗಿಸಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಅಲ್ಲಿಯವರನ್ನು ಕೇಳಿ.

ಬೆಲೆ ಕಟ್ಟಿ, ಮನೆ ತೆರೆಯಿರಿ

ದೊಡ್ಡ ಹೆಸರಿನ ಚಿತ್ರಗಳನ್ನು ಹರಾಜು ಸಂಸ್ಥೆಗೆ ಕಳಿಸಿ. ಸ್ಯಾಫ್ರನ್‌ಆರ್ಟ್, ಆಸ್ತಗುರು, ಪುಂಡೋಲೆಯಂಥ ಸಂಸ್ಥೆಗಳಿಗೆ ಮುಂಭಾಗ, ಹಿಂಭಾಗ, ಸಹಿಯ ಫೋಟೊ ಮತ್ತು ಅಳತೆ ಕಳಿಸಿದರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಾಗುತ್ತದೆ. ಅವರ ಕಮಿಷನ್, ಸಾಗಣೆ, ವಿಮೆ ಯಾರ ತಲೆಗೆ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಉಳಿದದ್ದಕ್ಕೆ ಮನೆಯಲ್ಲೇ ಎರಡು ದಿನದ ಮಾರಾಟ ಇಡಬಹುದು. ಪ್ರತಿ ವಸ್ತುವಿಗೂ ನಂಬರ್ ಮತ್ತು ಬೆಲೆಯ ಚೀಟಿ ಹಾಕಿ, ಅದೂ ದಾರದಲ್ಲಿ ಕಟ್ಟಿ, ಗೋಂದು ಬೇಡ. ಒಂದೇ ಬಾಗಿಲು ತೆರೆದಿಡಿ, ದುಡ್ಡು ಒಬ್ಬರ ಕೈಗೇ ಬರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಂಚುವಾಗ ವಿಳಾಸ ಹಾಕಬೇಡಿ, ವಿಚಾರಿಸಿದವರಿಗೆ ಮಾತ್ರ ಕೊಡಿ. ಬೀಟೆ, ತೇಗದ ಸಾಮಾನು ಲಾರಿ ಹತ್ತುವ ಮೊದಲು ವಸ್ತುವಿನ ವಿವರ, ಫೋಟೊ ಇರುವ ರಸೀದಿ ಕೊಡಿ, ಪರ್ಮಿಟ್ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬೀಟೆ 2017ರಿಂದ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹೊರದೇಶದಲ್ಲಿರುವ ಮಗಳಿಗೆ ಕುರ್ಚಿ ಕಳಿಸುವುದಿದ್ದರೆ ಆ ನಿಯಮವನ್ನೂ ನೋಡಬೇಕು.

ಇನ್ನು ತೆರಿಗೆ. ಮನೆ ಬಳಕೆಯ ಪೀಠೋಪಕರಣ ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಚಿತ್ರ, ಶಿಲ್ಪಕ್ಕೆ ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಇದ್ದ ಕೃತಿಯಾದರೆ ದರ ಶೇ 12.5. ತಾತ ಕೊಂಡಿದ್ದ ಚಿತ್ರವಾದರೆ ಅವರು ಕೊಟ್ಟ ಬೆಲೆಯ ಬದಲು 2001ರ ಏಪ್ರಿಲ್ 1ರಂದು ಅದಕ್ಕಿದ್ದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿಯನ್ನು ಮಾರುವ ಮೊದಲೇ ಮಾಡಿಸಿಕೊಳ್ಳಿ. ಚಿತ್ರ ಕೈಬಿಟ್ಟು ಹೋದ ಮೇಲೆ ಅವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.