ಕಂಬಗಳ ಆಚೆ: ಸ್ವಿಟ್ಜರ್ಲೆಂಡಿಗೆ ಹೊಸದಾಗಿ ಬಂದವರಿಗೆ ಸ್ಕೀ ಮಾತು

ಬಂದ ಮೊದಲ ಚಳಿಗಾಲದಲ್ಲಿ ನಮ್ಮವರೆಲ್ಲ ಮಾಡುವುದು ಒಂದೇ ಕೆಲಸ. ಎಂಗೆಲ್‌ಬರ್ಗಿಗೆ ಹೋಗಿ, ತಿರುಗುವ ಕೇಬಲ್ ಕಾರ್ ಹತ್ತಿ, ಟಿಟ್ಲಿಸ್ ಮೇಲೆ 3,020 ಮೀಟರ್ ಎತ್ತರದಲ್ಲಿ ಹಿಮ ಎರಚಾಡಿ, ಫೋಟೋ ಊರಿಗೆ ಕಳಿಸಿ ಇಳಿದು ಬರುವುದು. ಎರಡನೆಯ ಚಳಿಗಾಲಕ್ಕೆ ಮಗಳು ಶಾಲೆಯಿಂದ ಬಂದು, "ಅಪ್ಪಾ, ಕ್ಲಾಸಲ್ಲಿ ಸ್ಕೀ ಬರದೇ ಇರೋದು ನನಗೊಬ್ಬಳಿಗೇ" ಅನ್ನುತ್ತಾಳೆ. ಅಲ್ಲಿಂದ ಶುರು. ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಕಲಿಯಲು ಹೊರಟವನು. ಮಗಳು ಮೂರು ದಿನದಲ್ಲಿ ಕಲಿತದ್ದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮೊದಲು ಒಂದು ಮಾತು: ಗಂಡನಿಂದಾಗಲಿ, ಹೆಂಡತಿಯಿಂದಾಗಲಿ, ಆಫೀಸಿನ ಗೆಳೆಯನಿಂದಾಗಲಿ ಕಲಿಯಬೇಡಿ. ಜಗಳ ಗ್ಯಾರಂಟಿ. ಸ್ಕೀ ಶಾಲೆಗೆ ಸೇರಿ. ಇಲ್ಲಿ ಮಕ್ಕಳಿಗೆ ನೀಲಿ, ಕೆಂಪು, ಕಪ್ಪು ಎಂದು ಹಂತಗಳು; ಒಂದೊಂದರಲ್ಲೂ ಪ್ರಿನ್ಸ್, ಕಿಂಗ್, ಸ್ಟಾರ್ ಎಂದು ಮೂರು ಮೆಟ್ಟಿಲು. ಪಿಸ್ತೆಗಳಿಗೂ, ಅಂದರೆ ರಾತ್ರಿ ಯಂತ್ರ ಹಾಯಿಸಿ ಹಸನು ಮಾಡಿದ ಇಳಿಜಾರುಗಳಿಗೂ, ಇದೇ ಮೂರು ಬಣ್ಣ. ಫ್ರಾನ್ಸಿನಲ್ಲಿರುವ, ಎಲ್ಲಕ್ಕಿಂತ ಸುಲಭದ ಹಸಿರು ಇಲ್ಲಿಲ್ಲ, ಹಾಗಾಗಿ ನೀಲಿ ಅಂದರೆ ಸಲೀಸು ಅಂದುಕೊಳ್ಳಬೇಡಿ.

ಮೊದಲ ಪಾಠ ‘ಫ್ಲೂಗ್’, ಅಂದರೆ ನೇಗಿಲು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ಮಕ್ಕಳಿಗೆ ಇದನ್ನೇ ಪಿಜ್ಜಾ ಅಂತ ಹೇಳಿಕೊಡುತ್ತಾರೆ. ಎಂಗೆಲ್‌ಬರ್ಗಿನಲ್ಲಾದರೆ ಗೆರ್ಶ್ನಿಆಲ್ಪ್‌ನ ಸಣ್ಣ ಇಳಿಜಾರು ಸಾಕು. ದೊಡ್ಡವರಿಗೆ ಕಾಡುವುದು ಕಾಲಲ್ಲ, ಭಯ. ಹೆದರಿದ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂದಿನ ತುದಿ ಹಗುರಾಗಿ, ತಿರುಗಿಸಿದತ್ತ ತಿರುಗುವುದಿಲ್ಲ. ಮೊಣಕಾಲ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. ಸಂಜೆ ಬೂಟು ಬಿಚ್ಚಿದಾಗ ಅಲ್ಲಿ ಕಾಲ್ಚೀಲದ ನೇಯ್ಗೆಯ ಅಚ್ಚು ಮೂಡಿದ್ದರೆ ಆ ದಿನ ಸರಿಯಾಗಿ ಕಲಿತಿರಿ ಅಂತ ಲೆಕ್ಕ.

ಕೆಂಪು ಪಿಸ್ತೆಯಲ್ಲಿ ಎರಡು ಮೂರು ಚಳಿಗಾಲ ಕಳೆಯಿರಿ, ಅವಸರ ಬೇಡ. ವೇಗ ಎಲ್ಲರಿಗೂ ಬರುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ಬೇಕೆಂದಲ್ಲಿ, ಎಡಕ್ಕೂ ಬಲಕ್ಕೂ, ನಿಲ್ಲಲು ಬರುತ್ತದೆಯೇ? ಸ್ಕೀಗಳನ್ನು ಅಡ್ಡ ಹಿಡಿದು ಮಂಜುಗಡ್ಡೆಯ ಮೇಲೆ ನಿಧಾನವಾಗಿ ಕೆಳಕ್ಕೆ ಜಾರಲು ಬರುತ್ತದೆಯೇ? ಈ ಅಡ್ಡಜಾರು ನೋಡಲು ಚೆಂದವಿಲ್ಲ, ಆದರೆ ಕಪ್ಪು ಪಿಸ್ತೆಯಲ್ಲಿ ಜೀವ ಬಾಯಿಗೆ ಬಂದಾಗ ಕೈಹಿಡಿಯುವುದು ಅದೇ. ಇನ್ನೊಂದು, ಪಿಸ್ತೆ ಮುಚ್ಚಿದ ಮೇಲೆ ಅಲ್ಲಿ ಸುಳಿಯಬೇಡಿ. ಹಸನು ಮಾಡುವ ಯಂತ್ರಗಳನ್ನು ಕಡಿದಾದ ಕಡೆ ಉಕ್ಕಿನ ಹಗ್ಗಕ್ಕೆ ಕಟ್ಟಿರುತ್ತಾರೆ. ಕತ್ತಲಲ್ಲಿ ಆ ಹಗ್ಗ ಕಾಣುವುದಿಲ್ಲ.

ಕಪ್ಪೂ ಆಯಿತು, ಮುಂದಿನ ಮೆಟ್ಟಿಲು ಪಿಸ್ತೆಯ ಅಂಚಿಗೆ ನೆಟ್ಟ ಕಂಬಗಳ ಆಚೆ ಅನ್ನಿಸುವುದು ಸಹಜ. ನಡುವೆ ಹಳದಿ ಗುರುತಿನ ದಾರಿಗಳಿವೆ: ಹಿಮಕುಸಿತದಿಂದ ಕಾಯುತ್ತಾರೆ, ಆದರೆ ಯಂತ್ರ ಹಾಯಿಸುವುದಿಲ್ಲ. ಮೊದಲು ಅಲ್ಲಿ ಅಭ್ಯಾಸ ಮಾಡಿ. ಯಾಕೆಂದರೆ ಕಾಲಿಗೆ ಎಲ್ಲವೂ ಹೊಸದು. ಹೊಸ ಹಿಮ ರವೆಯ ಹಾಗೆ ಉದುರುದುರಾಗಿದ್ದರೆ ಸ್ವರ್ಗ. ಎರಡೂ ಕಾಲಿಗೆ ಸಮ ಭಾರ ಕೊಟ್ಟು, ಕಾಲು ಹತ್ತಿರ ಇಟ್ಟು ತಿರುಗಬೇಕು. ಬಿಸಿಲು ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಮೇಲೆ ಹಪ್ಪಳ, ಒಳಗೆ ಹಿಟ್ಟು. ಹಪ್ಪಳ ಒಡೆದು ಕಾಲು ಒಳಗೆ ಸಿಕ್ಕಿಕೊಂಡರೆ ಮಂಡಿಗೆ ಪೆಟ್ಟು.

ನನ್ನ ಮೊದಲ ಪ್ರತಾಪವೂ ಹೇಳಿಬಿಡುತ್ತೇನೆ. ಪಿಸ್ತೆಯಿಂದ ಇಪ್ಪತ್ತು ಮೀಟರ್ ಆಚೆ ಯಾರದೋ ಜಾಡು ಕಂಡಿತು, ಹಿಂದೆ ಹೋದೆ. ಮೂರನೆಯ ತಿರುವಿಗೆ ಬಿದ್ದೆ, ಒಂದು ಸ್ಕೀ ಮಾಯ. ಬಿದ್ದಲ್ಲೇ ಕೈಯಿಂದ ತೋಡುತ್ತಾ ಮುಕ್ಕಾಲು ಗಂಟೆ ಕಳೆದೆ. ಕೊನೆಗೆ ಒಬ್ಬ ಅಜ್ಜ ಬಂದು, ನಾನು ಬಿದ್ದ ಜಾಗಕ್ಕಿಂತ ಎರಡಾಳು ಮೇಲೆ ನಿಂತು, ಕೋಲಿನಿಂದ ಹಿಮವನ್ನು ಅಡ್ಡಡ್ಡ ಸೀಳಿದ. ಟಕ್ ಅಂದಿತು. ನಾವು ಉರುಳಿ ಕೆಳಗೆ ಬಂದಿರುತ್ತೇವೆ, ಸ್ಕೀ ಮೇಲೆಯೇ ಉಳಿದಿರುತ್ತದೆ. ಅಜ್ಜ ಹೋಗುವ ಮುಂಚೆ ಕೇಳಿದ್ದು ಬೇರೆ: "ಇವತ್ತಿನ ಬುಲೆಟಿನ್ ನೋಡಿದ್ದೀಯಾ?" ನೋಡಿರಲಿಲ್ಲ.

ಬುಲೆಟಿನ್ ಅಂದರೆ ದಾವೋಸಿನ ಎಸ್‌ಎಲ್‌ಎಫ್ ಸಂಸ್ಥೆ ಚಳಿಗಾಲದಲ್ಲಿ ಸಂಜೆ 5ಕ್ಕೂ ಬೆಳಿಗ್ಗೆ 8ಕ್ಕೂ ಕೊಡುವ ಹಿಮಕುಸಿತದ ಮುನ್ಸೂಚನೆ. ‘ವೈಟ್ ರಿಸ್ಕ್’ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತದೆ. ಅಪಾಯಕ್ಕೆ 1ರಿಂದ 5ರವರೆಗೆ ಅಂಕ. 35ಕ್ಕೆ ಪಾಸಾಗಿ ಬಂದ ನಮಗೆ ಐದಕ್ಕೆ ಮೂರು ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಸಾವುಗಳಲ್ಲಿ ದೊಡ್ಡ ಪಾಲು ಆಗುವುದು 3 ಇರುವ ದಿನಗಳಲ್ಲೇ; ಆಕಾಶ ನೀಲಿಯಾಗಿರುತ್ತದೆ, ಹಿಮ ಹೊಸದಾಗಿರುತ್ತದೆ, ಜನ ಹೊರಡುತ್ತಾರೆ. ಇಳಿಜಾರು 30 ಡಿಗ್ರಿ ದಾಟಿದರೆ ಹಿಮ ಕುಸಿಯುವ ಅಪಾಯ ಏರುತ್ತದೆ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಮೇಲೆ ಕುಸಿಯುವುದು ಅವರೋ ಅವರ ಜೊತೆಗಾರರೋ ಕಾಲಿಟ್ಟು ಕದಲಿಸಿದ ಹಿಮವೇ. ಹೂತುಹೋದವರು ಉಳಿಯುವುದು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ, ಜೊತೆಗಿದ್ದವರೇ ತೋಡಬೇಕು. ಅದಕ್ಕೇ ಒಬ್ಬೊಬ್ಬರ ಮೈಮೇಲೂ ಸಿಗ್ನಲ್ ಹೊರಡಿಸುವ ಎಲ್‌ವಿಎಸ್ ಯಂತ್ರ, ಚೀಲದಲ್ಲಿ ಸಲಿಕೆ ಮತ್ತು ಚುಚ್ಚಿ ನೋಡುವ ಉದ್ದ ಸರಳು. ಕೊಂಡರೆ ಸಾಲದು, ಯಂತ್ರ ಹೂತಿಟ್ಟು ಹುಡುಕುವ ಅಭ್ಯಾಸ ವರ್ಷಾವರ್ಷ ಮಾಡಿ. ನಮ್ಮ ಬಳಗ ಡಿಸೆಂಬರಿನಲ್ಲಿ ಒಂದು ಭಾನುವಾರ ಇದನ್ನು ಮಾಡುತ್ತದೆ, ಕೊನೆಗೆ ಥರ್ಮಾಸಿನ ಸಾರು, ಡಬ್ಬಿಯ ಚಿತ್ರಾನ್ನ. ಬೆಟ್ಟದ ಹೋಟೆಲಿನಲ್ಲಿ ಸಸ್ಯಾಹಾರಿಗೆ ಸಿಗುವುದು ಬಹುಪಾಲು ಆಲೂಗಡ್ಡೆಯೇ.

ವಿಮೆಯ ಮಾತು ಚುಟುಕಾಗಿ. ವಾರಕ್ಕೆ 8 ಗಂಟೆಯಾದರೂ ಒಂದೇ ಕಡೆ ಕೆಲಸ ಮಾಡುವವರಿಗೆ ಸ್ಕೀ ಅಪಘಾತವೂ ಕಂಪನಿಯ ಅಪಘಾತ ವಿಮೆಯಲ್ಲಿ ಬರುತ್ತದೆ. ಕೆಲಸಕ್ಕೆ ಹೋಗದ ಸಂಗಾತಿಗೂ ಮಕ್ಕಳಿಗೂ ಆರೋಗ್ಯ ವಿಮೆಯಲ್ಲೇ ಅಪಘಾತವನ್ನು ಸೇರಿಸಿರಬೇಕು. ಪತ್ರ ತೆಗೆದು ನೋಡಿ. ಎಚ್ಚರಿಕೆ ಗಾಳಿಗೆ ತೂರಿ ಪಿಸ್ತೆಯಾಚೆ ಹೋದರೆ ನಗದು ಪರಿಹಾರಕ್ಕೆ ಕತ್ತರಿ ಬೀಳಬಹುದು. ರಕ್ಷಣೆಗೆ ಬರುವ ರೇಗಾ ಹೆಲಿಕಾಪ್ಟರಿನ ನಂಬರ್ 1414.

ಮೊದಲ ವರ್ಷ ಗೈಡ್ ಇಲ್ಲದೆ ಕಂಬಗಳ ಆಚೆ ಹೋಗಬೇಡಿ, ಇಷ್ಟನ್ನು ಮಾತ್ರ ಹಟದಿಂದ ಹೇಳುತ್ತೇನೆ. ಎಂಗೆಲ್‌ಬರ್ಗಿನ ಲಾಬ್ ಅಂದರೆ ಸಾವಿರ ಮೀಟರಿಗೂ ಮಿಕ್ಕಿದ ಒಂದೇ ಇಳಿಜಾರು, ಮರವಿಲ್ಲ, ಬಂಡೆಯಿಲ್ಲ. ಐದು ವರ್ಷ ಕೆಳಗಿನಿಂದ ನೋಡಿ ಆಸೆಪಟ್ಟಿದ್ದೆ. ಕೊನೆಗೊಮ್ಮೆ ನಾವು ನಾಲ್ವರು ಗೈಡ್ ಜೊತೆ ಅದರ ನೆತ್ತಿಯಲ್ಲಿ ನಿಂತೆವು. ಆಕೆ ಅಂಚಿನಲ್ಲಿ ಕೋಲು ಚುಚ್ಚಿದಳು, ಸಲಿಕೆಯಿಂದ ಮೊಣಕಾಲುದ್ದ ತೋಡಿದಳು, ಒಳಗಿನ ಪದರವನ್ನು ಕೈಗವಸು ತೆಗೆದು ಬೆರಳಲ್ಲಿ ಉಜ್ಜಿದಳು. ದಪ್ಪ ಸಕ್ಕರೆಯ ಹಾಗೆ ಉದುರಿತು; ಅಂಥ ಪದರ ಮೇಲಿನ ಹಿಮವನ್ನು ಹಿಡಿದಿಡುವುದಿಲ್ಲ. "ಇವತ್ತು ಬೇಡ" ಅಂದಳು. ವಾಪಸು ಕೆಂಪು ಪಿಸ್ತೆಯಲ್ಲೇ ಇಳಿದೆವು. ಫೀಸು ಪೂರ್ತಿ ಕೊಟ್ಟೆವು.