ಐದು ಸಾವಿರ ಡಾಲರಿನೊಳಗೆ ಒಂದು ಬೋಟು

ನಮ್ಮೂರು ಸಾಗರದ ಕಡೆ. ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದ ಮೋಟಾರು ಬೋಟು ಒಂದೇ, ಶರಾವತಿ ಹಿನ್ನೀರು ದಾಟಿಸಿ ಸಿಗಂದೂರಿಗೆ ಮುಟ್ಟಿಸುತ್ತಿದ್ದ ಲಾಂಚು. ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಹತ್ತು ಎಕರೆ ದಾಟಿದ ಕೆರೆಗಳೇ ಇಲ್ಲಿ 11,842 ಇವೆಯಂತೆ. ಬೇಸಿಗೆ ಬಂತೆಂದರೆ ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಬೋಟು. ಆರು ವರ್ಷ ಸುಮ್ನೆ ನೋಡಿದೆ. ಆಮೇಲೆ ತಡೆಯಲಿಲ್ಲ. ಊರಿಗೆ ಫೋನು ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಈಜು ಬರದವನಿಗೆ ಬೋಟು ಯಾಕೋ?"

ಕೈಯಲ್ಲಿದ್ದದ್ದು 5,000 ಡಾಲರ್. ಮೊದಲು ಕಣ್ಣು ಹೋದದ್ದು 18 ಅಡಿಯ ಫೈಬರ್‌ಗ್ಲಾಸ್ ಬೋಟಿನ ಮೇಲೆ. ಕೆಂಪು ಬಣ್ಣ, ಮೆತ್ತನೆ ಸೀಟು, ಬೆಲೆ 4,500. ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ, ಇಲ್ಲಿಯವರೇ, ಚಿಕ್ಕಂದಿನಿಂದ ನೀರಿನ ಮೇಲೆ ಬೆಳೆದವರು. ಅವರು ಬೋಟಿನ ಫೋಟೋ ನೋಡಲೇ ಇಲ್ಲ. "ನಿನ್ನ ಕಾರು ಎಷ್ಟು ಎಳೆಯುತ್ತೆ?" ಎಂದರು. ಕಾರಿನ ಪುಸ್ತಕ ತೆಗೆದೆ. 1,500 ಪೌಂಡ್. ಆ ಕೆಂಪು ಬೋಟು ಟ್ರೇಲರ್ ಸೇರಿ 3,000 ಪೌಂಡ್ ಮೇಲಿತ್ತು. ನಾನು ಬೋಟಿನ ಜೊತೆ ಹೊಸ ಕಾರನ್ನೂ ಕೊಳ್ಳಲು ಹೊರಟಿದ್ದೆ!

ಹಾಗಾಗಿ 16 ಅಡಿಯ ಅಲ್ಯುಮಿನಿಯಂ ಬೋಟಿಗೆ ಇಳಿದೆ. ಮೋಟಾರು, ಟ್ರೇಲರ್, ಬ್ಯಾಟರಿ, ಪೆಟ್ರೋಲು ಎಲ್ಲ ಸೇರಿಸಿದರೂ ಸಾವಿರದ ಚಿಲ್ಲರೆ ಪೌಂಡ್. ನೋಡಲು ಡಬ್ಬಿಯ ಹಾಗಿರುತ್ತದೆ, ನಿಜ. ಕೆರೆಯ ಮೀನಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಹುಡುಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಮೇ ತಿಂಗಳ ಮೀನುಗಾರಿಕೆ ಸೀಸನ್ನಿಗೆ ಮುಂಚೆ ಎಲ್ಲರಿಗೂ ಬೋಟು ಬೇಕು. ಚಳಿಗಾಲ ಹತ್ತಿರ ಬಂದಾಗ ಎಲ್ಲರಿಗೂ ಗರಾಜಿನಲ್ಲಿ ಜಾಗ ಬೇಕು. ಚೌಕಾಸಿಗೆ ಅದೇ ಹೊತ್ತು. ಒಟ್ಟು ಐದು ಬೋಟು ನೋಡಿದೆ, ನಾಲ್ಕನ್ನು ಬಿಟ್ಟೆ.

ಹೆಚ್ಚು ಹೊತ್ತು ನೋಡಿದ್ದು ಟ್ರಾನ್ಸಮ್ಮನ್ನು, ಅಂದರೆ ಮೋಟಾರು ತೂಗುಹಾಕುವ ಹಿಂಬದಿಯ ಹಲಗೆ. ಅಲ್ಯುಮಿನಿಯಂ ಬೋಟಿನಲ್ಲೂ ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಇಳಿದು ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಲಸಿನಹಣ್ಣು ತಟ್ಟಿ ನೋಡುವುದು ನಮಗೇನು ಹೊಸದೇ? ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಕ್ ಟಕ್, ಕೊಳೆತಲ್ಲಿ ದಬ್ ದಬ್. ಆಮೇಲೆ ಮೋಟಾರನ್ನು ಅರ್ಧ ಎತ್ತಿ ಅದರ ಕಾಲಿನ ಮೇಲೆ ಭಾರ ಬಿಟ್ಟು ಒತ್ತಿದೆ. ಎರಡನೇ ಬೋಟಿನಲ್ಲಿ ಹಲಗೆಯೇ ಬಾಗಿತು. ಮಾರುವವನು ಮೋಡ ನೋಡತೊಡಗಿದ.

ಮೋಟಾರಿನ ವಿಷಯದಲ್ಲಿ ಕಲಿತದ್ದು: ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಬೇಕು. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಯಾಕೆ ಎಂದು ಕೇಳಬೇಕು. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂಬುದೇ ಅದರ ಜಾತಕ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಎರವಲು ಸಿಗುತ್ತದೆ, ಠೇವಣಿ ಇಟ್ಟರೆ ಸಾಕು. ಎರಡು ಸಿಲಿಂಡರಿನ ಅಂಕಿಗಳಲ್ಲಿ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮೂರನೇ ಬೋಟಿನಲ್ಲಿ ಒಂದು 110, ಇನ್ನೊಂದು 70. ನಮಸ್ಕಾರ ಹೇಳಿ ಬಂದೆ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲಿಸಿದರೆ ಇನ್ನೊಂದು ಗುಟ್ಟು ಹೊರಬರುತ್ತದೆ. ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ.

ಕೊನೆಗೆ ಕೊಂಡದ್ದು 1990ರ ದಶಕದ ಒಂದು ಲುಂಡ್. ಮಿನ್ನೆಸೋಟದಲ್ಲೇ ಹುಟ್ಟಿದ ಕಂಪನಿ. 25 ಎಚ್‌ಪಿಯ ಟೂ-ಸ್ಟ್ರೋಕ್ ಮೋಟಾರು, ಹಿಂದೆ ಕೂತು ಕೈಯಲ್ಲೇ ತಿರುಗಿಸುವ ಟಿಲ್ಲರ್. ಕಂಪ್ರೆಷನ್ 118 ಮತ್ತು 115. ಟ್ರೇಲರಿನ ಮೇಲೇ ಬೋಟಿನೊಳಗೆ ಮೂರು ಇಂಚು ನೀರು ಬಿಟ್ಟು ಕಾದೆ. ಮಾರುವವರಿಗೆ ನಗು. ತಗಡು ಜೋಡಿಸುವ ಎರಡು ರಿವೆಟ್‌ನಿಂದ ಹನಿ ಬಿತ್ತು, ನಗು ನಿಂತಿತು, 200 ಡಾಲರ್ ಇಳಿಯಿತು. 3,200ಕ್ಕೆ ಮುಗಿಯಿತು.

ಉಳಿದ 1,800 ಉಳಿತಾಯ ಎಂದುಕೊಂಡಿದ್ದೆ. ಅಲ್ಲ. ಮನೆಗೆ ತರುವಾಗ ದಾರಿಯಲ್ಲಿ ನಿಲ್ಲಿಸಿ ಟ್ರೇಲರಿನ ಹಬ್ ಮುಟ್ಟಿದರೆ ಕೈ ಸುಟ್ಟಿತು. ಬೋಟನ್ನು ಇಂಚಿಂಚು ತಟ್ಟಿದವನು ಚಕ್ರದ ಬೇರಿಂಗ್ ನೋಡಿರಲಿಲ್ಲ! ಬೇರಿಂಗ್, ಎರಡು ಟೈರು, ಬ್ಯಾಟರಿ, ಇಂಧನದ ಹೋಸು, ನೀರಿನ ಪಂಪಿನ ಇಂಪೆಲ್ಲರ್, ಲೈಫ್ ಜಾಕೆಟ್‌ಗಳು, ತೆರಿಗೆ, ನೋಂದಣಿ, ಹೀಗೆ 1,400 ಹೋಯಿತು. ಹತ್ತು ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟೇ ಇರಬೇಕು ಎನ್ನುವುದು ಇಲ್ಲಿನ ಕಾನೂನು. ಮಗಳಿಗೆ ಎಂಟು. ನಾನೂ ಬಿಚ್ಚುವುದಿಲ್ಲ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಮೇ ತಿಂಗಳಲ್ಲಿ ಪ್ಲಿಮತ್‌ನ ಮೆಡಿಸಿನ್ ಲೇಕಿಗೆ ಇಳಿಸಿದೆವು. ದೊಡ್ಡ ಮಿಲ್ ಲ್ಯಾಕ್ಸ್ ಕೆರೆಗೆ ಇನ್ನೂ ಹೋಗಿಲ್ಲ, ಗಾಳಿ ಎದ್ದರೆ ಅಲ್ಲಿ ಸಮುದ್ರದ ಹಾಗೆ ಅಲೆ. ಜೀಬ್ರಾ ಮಸಲ್ ಎಂಬ ಚಿಪ್ಪುಹುಳ ಕೆರೆಯಿಂದ ಕೆರೆಗೆ ಹರಡದಿರಲಿ ಎಂದು ರಸ್ತೆಯಲ್ಲಿ ಬೋಟಿನ ಪ್ಲಗ್, ಅಂದರೆ ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ, ತೆಗೆದೇ ಎಳೆಯಬೇಕು. ಇಳಿಸುವ ಮುಂಚೆ ಮತ್ತೆ ಹಾಕುವುದು ನೆನಪಿರಬೇಕಲ್ವಾ? ಅದನ್ನು ಕಾರಿನ ಸ್ಟೀರಿಂಗಿಗೆ ನೇತುಹಾಕಿಕೊಂಡೇ ಹೋಗುತ್ತೇನೆ. ಆರು ಗ್ಯಾಲನ್ ಪೆಟ್ರೋಲಿಗೆ 16 ಔನ್ಸ್ ಎಣ್ಣೆ ಬೆರೆಸುವುದು ಈಗ ಮಗಳ ಲೆಕ್ಕ.

ಟ್ಯೂಬಿನಲ್ಲಿ ಮಕ್ಕಳನ್ನು ಎಳೆದು ಓಡಿಸುವಷ್ಟು ಬಲ ಈ ಮೋಟಾರಿಗಿಲ್ಲ. ಅದು ಬೇಕೇ ಬೇಕು ಎನ್ನುವವರು ಬೇರೆ ಬೋಟು ನೋಡಿ, ಬೇರೆ ಕಾರನ್ನೂ.

ಕೆರೆ ಹೆಪ್ಪುಗಟ್ಟಿದ ಮೇಲೆ ಬೋಟು ಗರಾಜಿನೊಳಗೆ, ಕಾರು ಹೊರಗೆ ಹಿಮದಲ್ಲಿ. ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುವುದು ನನ್ನ ಕೆಲಸವೆಂದು ತೀರ್ಮಾನವಾಗಿದೆ. ತೀರ್ಮಾನ ಮಾಡಿದ್ದು ಹೆಂಡತಿ.